ನಾನು ಪಾಸ್ ಮಾಡಿದ ಸೂಜಿ

ಗಡಿಯಂಚಿನ ಉಮದಿಯ ಪೇಟೆಯಲ್ಲಿ ನಮ್ಮದೊಂದು ಗಡಿಯಾರ ರಿಪೇರಿ ಅಂಗಡಿಯಿತ್ತು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಮೇಜಿನ ಹಿಂದಿನ ಸ್ಟೂಲಿನಲ್ಲಿ ನಾನು ಕೂತೆ. ಆಗ ನನಗೆ ಇಪ್ಪತ್ತನಾಲ್ಕು. ಹೆಣ್ಣುಮಗಳೊಬ್ಬಳು ಗಡಿಯಾರ ಬಿಚ್ಚುವುದನ್ನು ನೋಡಲಿಕ್ಕೆಂದೇ ಮೊದಮೊದಲು ಜನ ಬಂದು ನಿಲ್ಲುತ್ತಿದ್ದರು. ವರ್ಷ ಕಳೆಯುವುದರೊಳಗೆ ಅವರಿಗೆ ಬೇಸರವಾಗಿ ಗಿರಾಕಿಗಳಷ್ಟೇ ಉಳಿದರು. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಬಂದವರೊಡನೆ ಕನ್ನಡ, ಮರಾಠಿ, ನಮ್ಮ ದಖನಿ ಮೂರನ್ನೂ ಕಲಸಿ ಮಾತಾಡುತ್ತ ಕೂತಿರುತ್ತಿದ್ದರು.

ಗಡಿಯಾರದ್ದಲ್ಲದ ಒಂದು ಕೆಲಸವೂ ನಮ್ಮಲ್ಲಿಗೆ ಬರುತ್ತಿತ್ತು. ಊರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಹಿರಿಯರೊಬ್ಬರಿದ್ದರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ತೊಂಬತ್ತರ ದಶಕದ ನಡುವೆ ಉಳಿದ ಮೈಕಿನವರೆಲ್ಲ ಕ್ಯಾಸೆಟ್ಟಿಗೆ ಬದಲಾಗಿದ್ದರೂ ಕಾಕಾ ಮಾತ್ರ ಹಳೆಯ ರೆಕಾರ್ಡುಗಳನ್ನು ಬಿಟ್ಟಿರಲಿಲ್ಲ. ಅವನ್ನು ಅವರು ತಾಟು ಎನ್ನುತ್ತಿದ್ದರು. ಮದುವೆಯ ಸೀಜನ್ನಿಗೆ ಮುಂಚೆ ರೆಕಾರ್ಡ್ ಪ್ಲೇಯರಿನ ಸೂಜಿಯನ್ನು ಕಳಚಿ, ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲಿಟ್ಟು ತರುತ್ತಿದ್ದರು. ಅದರ ತುದಿಯ ಹರಳು ಸಾಸಿವೆಯ ಕಾಳಿಗಿಂತ ಎಷ್ಟೋ ಪಟ್ಟು ಸಣ್ಣದು. ಅದು ಸವೆದಿದೆಯೋ ಇಲ್ಲವೋ ಎಂದು ಗಡಿಯಾರದವರ ಕಣ್ಣುಗಾಜಿನಲ್ಲಿ ನೋಡಿ ಹೇಳುವುದು ನಮ್ಮ ಕೆಲಸ. ಅದಕ್ಕೆ ನಾವು ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಹೇಗೆ ನೋಡಬೇಕೆಂದು ಅಪ್ಪ ನನಗೆ ಹೇಳಿಕೊಟ್ಟಿದ್ದರು. ಬೆಳಕನ್ನು ಪಕ್ಕದಿಂದ ಬಿಡಬೇಕು, ಸೂಜಿಯನ್ನು ಚಿಮಟಿಗೆಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿಸಬೇಕು. ತುದಿ ದುಂಡಗಿದ್ದರೆ ಬೆಳಕು ಒಂದು ಚುಕ್ಕಿಯಾಗಿ ಕೂರುತ್ತದೆ. ಸವೆದು ಸಪಾಟಾಗಿದ್ದರೆ ಅಲ್ಲಿ ಕನ್ನಡಿಯ ಚೂರಿನಂತೆ ಒಂದು ಬಿಳಿ ಹೊಳಪು ಬರುತ್ತದೆ. ಆ ಹೊಳಪಿನ ಅಂಚು ಉಳಿಯಂತೆ, ತಾಟಿನ ಗೀರಿನೊಳಗೆ ಓಡುವಾಗ ಗೀರಿನ ಗೋಡೆಗಳನ್ನು ಕೆತ್ತುತ್ತ ಹೋಗುತ್ತದೆ.

ಒಂದು ಸಂತೆಯ ದಿನ ಕಾಕಾ ಸೂಜಿ ತಂದರು. ಮೇಜಿನ ಮುಂದೆ ಆರೇಳು ಮಂದಿ ನಿಂತಿದ್ದರು, ಒಬ್ಬರಿಗೆ ವಿಜಾಪುರದ ಬಸ್ಸು ಹಿಡಿಯುವ ಅವಸರ. ನಾನು ಸೂಜಿಯನ್ನು ಎತ್ತಿ ಒಂದು ಬದಿಯಿಂದ ನೋಡಿದೆ. ಚುಕ್ಕಿ ಕಂಡಿತು. ತಿರುಗಿಸಲಿಲ್ಲ.

"ಚಲೋ ಐತಿ ಕಾಕಾ, ಇನ್ನೊಂದು ಸೀಜನ್ ನಡೀತೈತಿ," ಎಂದೆ.

ಅವರು ಬೆಂಕಿಪೊಟ್ಟಣವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದರು.

ಕಾಕಾನ ಬಳಿ ಒಂದು ಸಣ್ಣ ತಾಟಿತ್ತು. ಅದರಲ್ಲಿ ಕಾಕು ಮತ್ತು ಅವರ ಓಣಿಯ ಇನ್ನೊಬ್ಬ ಹೆಣ್ಣುಮಗಳು ಹರೆಯದಲ್ಲಿ ಹಾಡಿದ ಬೀಸುವ ಪದವಿತ್ತು. ಮಿರಜಿನಲ್ಲಿ ಯಾರೋ ಒಬ್ಬರು ಹಳ್ಳಿಯ ಹಾಡುಗಳ ಕೆಲವು ತಾಟು ಮಾಡಿಸಿದ್ದರಂತೆ. ಹಾಡಿದವರಿಗೆ ತಲಾ ಒಂದು ಕೊಟ್ಟಿದ್ದರು. ಜೊತೆಗೆ ಹಾಡಿದಾಕೆ ತೀರಿಕೊಂಡು ಬಹಳ ವರ್ಷವಾಗಿತ್ತು, ಅವರ ಮನೆಯ ತಾಟು ಯಾವಾಗಲೋ ಒಡೆದಿತ್ತು. ಉಳಿದದ್ದು ಇದೊಂದೇ. ಯಾವುದೇ ಮದುವೆಗೆ ಮೈಕ್ ಕಟ್ಟಿದರೂ ಕಾಕಾ ಮೊದಲು ಈ ತಾಟು ಹಾಕಿ, ಆಮೇಲೆ ಉಳಿದದ್ದನ್ನು ಹಾಕುತ್ತಿದ್ದರು. ಕಾಕುಗೆ ಅದು ಸಂಕೋಚ. ಮೈಕಿನ ದನಿ ಮನೆಯವರೆಗೆ ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು ಎಂದು ಕಾಕಾನೇ ನಗುತ್ತ ಹೇಳಿದ್ದುಂಟು.

ಸೀಜನ್ ಮುಗಿದ ಮೇಲೆ ಅವರು ಹೊಸ ಸೂಜಿ ಕೊಂಡುಕೊಂಡು, ಹಳೆಯದನ್ನು ಸುಮ್ಮನೆ ನಮ್ಮಲ್ಲಿಟ್ಟು ಹೋಗಲು ಬಂದರು. ಅದರ ಹಿತ್ತಾಳೆಯ ಭಾಗ ನಮಗೆ ಯಾವುದಕ್ಕಾದರೂ ಉಪಯೋಗಕ್ಕೆ ಬಂದೀತೆಂದು. ಮಾತಿನ ನಡುವೆ, ಮನೆಯವಳ ತಾಟು ಹಳೆಯದಾಯಿತು ಕಾಣುತ್ತದೆ, ಮಾತು ತಿಳಿಯುವುದೇ ಇಲ್ಲ, ಬರೀ ಸುಸ್ ಎನ್ನುತ್ತದೆ, ಹೊಸ ಸೂಜಿ ಹಾಕಿದರೂ ಹಾಗೇ, ಎಂದರು. ಹೇಳುವಾಗ ಅವರು ನನ್ನನ್ನು ನೋಡುತ್ತಿರಲಿಲ್ಲ, ಗೋಡೆಯ ಗಡಿಯಾರಗಳಲ್ಲಿ ಯಾವುದು ಸರಿಯಾದ ಹೊತ್ತು ತೋರಿಸುತ್ತಿದೆ ಎಂದು ನೋಡುತ್ತಿದ್ದರು.

ಅವರು ಹೋದ ಮೇಲೆ ನಾನು ಆ ಸೂಜಿಯನ್ನು ನಾಲ್ಕೂ ಕಡೆ ತಿರುಗಿಸಿದೆ. ಮೂರನೆಯ ಬದಿಯಲ್ಲಿ ಬಿಳಿ ಹೊಳಪು ಬಂತು. ಅದು ಒಂದು ಸೀಜನ್ನಿನಲ್ಲಿ ಆದ ಸವೆತವಾಗಿರಲಿಲ್ಲ, ನಾನು ಪಾಸ್ ಮಾಡುವಾಗಲೇ ಇತ್ತು. ಅಪ್ಪ ಬಾಗಿಲಲ್ಲಿ ತೂಕಡಿಸುತ್ತಿದ್ದರು. ನಾನು ಸೂಜಿಯನ್ನು ಗಡಿಯಾರದ ಬಿಡಿಭಾಗ ಇಡುವ ಒಂದು ಗಾಜಿನ ಸೀಸೆಗೆ ಹಾಕಿ, ಮುಚ್ಚಳ ತಿರುಗಿಸಿ, ಡ್ರಾಯರಿನ ಹಿಂಬದಿಗೆ ತಳ್ಳಿದೆ. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಹೇಳಲಿಲ್ಲ. ವಾರ ಕಳೆದ ಮೇಲೆ ಹೇಳುವುದು ಮೊದಲಿಗಿಂತ ಕಷ್ಟವಾಯಿತು, ತಿಂಗಳಾದ ಮೇಲೆ ಅದರ ಯೋಚನೆಯನ್ನೇ ಬಿಟ್ಟೆ. ಇನ್ನೆರಡು ವರ್ಷದಲ್ಲಿ ಕಾಕಾ ಕೂಡ ಕ್ಯಾಸೆಟ್ಟಿಗೆ ಹೋದರು. ಅಪ್ಪ ತೀರಿಕೊಂಡರು. ಕೆಟ್ಟರೆ ಎಸೆಯುವ ಬ್ಯಾಟರಿ ವಾಚುಗಳು ಬಂದು ನನ್ನ ಕೆಲಸ ಅರ್ಧಕ್ಕಿಳಿಯಿತು. ಮಿರಜಿನ ರಕ್ತಪರೀಕ್ಷೆಯ ಅಂಗಡಿಯೊಂದು ಹಳೆಯ ಸೂಕ್ಷ್ಮದರ್ಶಕ ಮಾರುತ್ತಿದೆ ಎಂದು ತಿಳಿದು ಅದನ್ನು ತಂದಿಟ್ಟುಕೊಂಡೆ. ಹೆಂಗಸರ ಸಣ್ಣ ವಾಚುಗಳಿಗೆ ಬೇಕು ಎಂಬುದು ನಾನು ಹೇಳಿದ ಕಾರಣ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಕುಣಿಕೋಣೂರಿನ ಒಬ್ಬ ಅಂಗಡಿಗೆ ಬಂದ. ಮೂವತ್ತರ ಆಸುಪಾಸಿನ ಬೌದ್ಧರ ಮನೆಯವನು. ಪುಣೆಯ ಒಂದು ಹೋಟೆಲಿನಲ್ಲಿ ಎಂಟು ವರ್ಷ ವೈರಿಂಗಿನ ಕೆಲಸ ಮಾಡುತ್ತ, ಅಲ್ಲಿ ಹಾಡು ಹಚ್ಚುವ ಡಿಜೆಯ ಪಕ್ಕ ನಿಂತು ಆ ವಿದ್ಯೆಯನ್ನೂ ಕಲಿತಿದ್ದ. ಹೋಟೆಲಿನವರು ಸಿಡಿ ಮಷಿನ್ನು ತಂದಾಗ ಹಳೆಯ ಎರಡು ಟರ್ನ್‌ಟೇಬಲ್ಲುಗಳನ್ನು ಇವನಿಗೆ ಕೊಟ್ಟುಬಿಟ್ಟಿದ್ದರು. ಬಸ್ಸಿನಲ್ಲಿ ತರುವಾಗ ಒಂದರ ಸೂಜಿಯ ಹರಳನ್ನು ಹಿಡಿದಿರುವ ಸಣ್ಣ ಕಡ್ಡಿ ಬಾಗಿತ್ತು. ಅದನ್ನು ನೆಟ್ಟಗೆ ಮಾಡಬಹುದೇ ಎಂದು ಕೇಳಲು ಬಂದಿದ್ದ. ಸೂಜಿ ನೋಡಿ ಎಷ್ಟೋ ವರ್ಷವಾಗಿತ್ತು. ಬೇಡ ಎನ್ನಬೇಕೆಂದು ಬಾಯಿ ತೆರೆದವಳು ಕೈ ಚಾಚಿದೆ.

ನೆಟ್ಟಗೆ ಮಾಡಿ ಕೊಟ್ಟೆ. ಮೂರು ದಿನಕ್ಕೆ ಅವನು ತಿರುಗಿ ಬಂದ. ಹಾಡು ತಾನಾಗಿಯೇ ಹಿಂದಕ್ಕೆ ಓಡುತ್ತದೆ ಎಂದ. ನನಗೆ ಅರ್ಥವಾಗಲಿಲ್ಲ. ಮುಂದಿನ ಭಾನುವಾರ ಅವನು ಒಂದು ಟರ್ನ್‌ಟೇಬಲ್ಲನ್ನೂ ಹಳೆಯ ಲ್ಯಾಪ್‌ಟಾಪನ್ನೂ ಜೀಪಿನಲ್ಲಿ ತಂದು ನನ್ನ ಮೇಜಿನ ಮೇಲಿಟ್ಟು ತೋರಿಸಿದ. ಅವನ ತಾಟಿನಲ್ಲಿ ಹಾಡೇ ಇರಲಿಲ್ಲ. ಬರೀ ಸಿಳ್ಳಿನಂಥ ಒಂದೇ ದನಿ, ಮೊದಲಿನಿಂದ ಕೊನೆಯವರೆಗೆ. ಸೂಜಿ ಆ ಸಿಳ್ಳನ್ನು ಓದುತ್ತದೆ, ಲ್ಯಾಪ್‌ಟಾಪು ಅದನ್ನು ಕೇಳಿ ತಾಟು ಎಷ್ಟು ಜೋರಾಗಿ, ಯಾವ ಕಡೆಗೆ ತಿರುಗುತ್ತಿದೆ ಎಂದು ತಿಳಿದುಕೊಂಡು, ತನ್ನೊಳಗಿರುವ ಹಾಡನ್ನು ಹಾಗೆಯೇ ನಡೆಸುತ್ತದೆ. ಕೈಯಿಂದ ತಾಟನ್ನು ಹಿಂದಕ್ಕೆಳೆದರೆ ಹಾಡೂ ಹಿಂದಕ್ಕೆ. ಇದನ್ನು ಅವನು ಕಂಟ್ರೋಲ್ ತಾಟು ಎಂದ.

ಪರದೆಯ ಮೂಲೆಯಲ್ಲಿ ಹಸಿರು ಗೆರೆಯ ಒಂದು ಬಳೆ ಕಾಣುತ್ತಿತ್ತು. ಸೂಜಿ ಗೀರಿನ ಎರಡೂ ಗೋಡೆಗಳನ್ನು ಸಮನಾಗಿ ಓದಿದರೆ ಬಳೆ ದುಂಡಗಿರುತ್ತದಂತೆ. ನಾನು ನೆಟ್ಟಗೆ ಮಾಡಿದ್ದ ಸೂಜಿಗೆ ಅದು ಮೊಟ್ಟೆಯಾಕಾರವಾಗಿ, ಆಗಾಗ ಬರೀ ಗೆರೆಯಂತೆ ಚಪ್ಪಟೆಯಾಗುತ್ತಿತ್ತು. ಚಪ್ಪಟೆಯಾದಾಗಲೇ ಲ್ಯಾಪ್‌ಟಾಪಿಗೆ ದಿಕ್ಕು ತಪ್ಪುತ್ತಿತ್ತು. ಕಡ್ಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೆಟ್ಟಗಾಗಿತ್ತು, ಆದರೆ ಕೂದಲೆಳೆಯಷ್ಟು ಎಡಕ್ಕೆ ಹೊರಳಿತ್ತು. ಇದು ನನ್ನ ಕೈಯ ತಪ್ಪು, ಹೊಸದು ತರಿಸಬೇಕು ಎಂದು ಅವನಿಗೆ ಆಗಲೇ ಹೇಳಿದೆ. ಹೇಳಿದ್ದು ಸುಲಭವಾಗಿತ್ತು. ಅದು ನನಗೇ ಸ್ವಲ್ಪ ಆಶ್ಚರ್ಯ.

ಮುಂಬೈಯ ಅಂಗಡಿಯೊಂದರಿಂದ ಅಂಚೆಯಲ್ಲಿ ಮೂರು ಬಗೆಯ ಸೂಜಿ ಬಂದವು. ಎರಡರ ತುದಿ ದುಂಡು, ಕಡ್ಡಿ ದಪ್ಪ. ಮೂರನೆಯದರ ತುದಿ ಮೊಟ್ಟೆಯಾಕಾರ, ಅಂಚು ತೆಳು, ಕಡ್ಡಿ ಸಣ್ಣದು. ಅಂಗಡಿಯವರು ಅದನ್ನೇ ಉತ್ತಮ ಎಂದಿದ್ದರಂತೆ, ಅವನ ಮನಸ್ಸೂ ಅದರ ಮೇಲೇ. ಹಾಡಿನ ತಾಟಿಗೆ ಹಚ್ಚಿದಾಗ ಅದರ ದನಿ ನಿಜಕ್ಕೂ ಬೇರೆಯಾಗಿತ್ತು. ತಬಲಾದ ಬೆರಳು ಬೆರಳೂ ಕೇಳುತ್ತಿತ್ತು. ದುಂಡು ತುದಿಯವು ಅದರ ಮುಂದೆ ಮಂಕು.

ನಾನು ಮಾತ್ರ ದುಂಡನ್ನೇ ಹಿಡಿದೆ. ಮೊಟ್ಟೆ ತುದಿ ಗೋಡೆಯನ್ನು ಮುಟ್ಟುವ ಜಾಗ ಇಕ್ಕಟ್ಟು. ಮುಂದಕ್ಕೆ ಓಡುವಾಗ ಅದು ಸೂಕ್ಷ್ಮವನ್ನು ಓದುತ್ತದೆ, ನಿಜ. ಆದರೆ ಅವನ ಕೆಲಸದಲ್ಲಿ ತಾಟನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುವುದೇ ಹೆಚ್ಚು, ಆಗ ಆ ತೆಳು ಅಂಚು ಗೋಡೆಯನ್ನು ಕೆರೆಯುತ್ತದೆ. ಅವನು ಒಪ್ಪಲಿಲ್ಲ. ವಾದ ಬೇಡ, ನೋಡೋಣ ಎಂದೆ. ಒಂದು ಕಂಟ್ರೋಲ್ ತಾಟಿನ ಒಂದು ಕಡೆ ಮೊಟ್ಟೆ ಸೂಜಿಯಿಂದ, ಇನ್ನೊಂದು ಕಡೆ ದುಂಡು ಸೂಜಿಯಿಂದ, ಒಂದು ವಾರ ಅವನು ದಿನಾ ಉಜ್ಜಿದ. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ಸೂಜಿ ತಾಟನ್ನು ಒತ್ತುವ ಭಾರವನ್ನು ತೂಗಿ, ಎರಡಕ್ಕೂ ಮೂರೂವರೆ ಗ್ರಾಮ್ ಇಟ್ಟೆವು. ವಾರದ ನಂತರ ತಾಟನ್ನು ಸೂಕ್ಷ್ಮದರ್ಶಕದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ, ಮೊಟ್ಟೆ ಸೂಜಿ ಓಡಾಡಿದ ಕಡೆ ಗೀರಿನ ಗೋಡೆ ಬೆಳ್ಳಗಾಗಿತ್ತು. ಅಲ್ಲಿ ಬಳೆಯೂ ನಡುಗುತ್ತಿತ್ತು. ದುಂಡು ಸೂಜಿಯ ಕಡೆ ಗೋಡೆ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು.

ಅವನು ತಾಟನ್ನು ಮಗುಚಿ ಎರಡೂ ಕಡೆಯನ್ನು ಮತ್ತೆ ಮತ್ತೆ ನೋಡಿದ.

"ಹಾಡು ಈ ತಾಟಿನ್ಯಾಗ ಇಲ್ಲಲ್ರಿ ಅಕ್ಕಾರ," ಎಂದ ಕೊನೆಗೆ. "ಸಿಳ್ಳು ಕೇಳಿದ್ರ ಸಾಕು. ನಾ ಅದನ್ನ ಮರತೇ ಬಿಟ್ಟಿದ್ನಿ."

ಉಳಿದೆರಡು ದುಂಡು ಸೂಜಿಗಳಲ್ಲಿ ದನಿ ಜೋರಾಗಿ ಕೊಡುವುದನ್ನು ಆರಿಸಿದೆವು. ಗದ್ದಲದ ನಡುವೆ ಲ್ಯಾಪ್‌ಟಾಪಿಗೆ ಸಿಳ್ಳು ಗಟ್ಟಿಯಾಗಿ ಕೇಳಬೇಕು ಎಂಬುದು ಅವನ ಲೆಕ್ಕ. ಅದೇ ಬಗೆಯದು ಇನ್ನೊಂದು ತರಿಸಿ ಎರಡೂ ಟರ್ನ್‌ಟೇಬಲ್ಲಿಗೆ ಹಾಕಿಕೊಂಡ. ಆ ವರ್ಷ ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆಗೆ ಕುಣಿಕೋಣೂರಿನಲ್ಲಿ ಅವನದೇ ಡಿಜೆ. ಸಂಜೆ ನಾಲ್ಕಕ್ಕೆ ನಾನೂ ಹೋಗಿದ್ದೆ. ಟ್ರ್ಯಾಲಿಯ ಮೇಲೆ ಟರ್ನ್‌ಟೇಬಲ್ಲುಗಳ ಕೆಳಗೆ ಸೈಕಲ್ ಟ್ಯೂಬು ಮಡಚಿಟ್ಟಿದ್ದ. ರಸ್ತೆಯ ಒಂದು ತಗ್ಗಿನಲ್ಲಿ ಟ್ರ್ಯಾಲಿ ಕುಪ್ಪಳಿಸಿದಾಗ ಸೂಜಿಯೂ ಕುಪ್ಪಳಿಸಿದ್ದು ನನ್ನ ಕಣ್ಣಿಗೆ ಬಿತ್ತು. ಹಾಡು ಮಾತ್ರ ನಿಲ್ಲಲಿಲ್ಲ. ಸೂಜಿ ತಾಟಿನ ಯಾವ ಜಾಗದಲ್ಲಿದೆ ಎಂಬುದನ್ನು ಬಿಟ್ಟು ಬರೀ ತಿರುಗುವ ವೇಗವನ್ನು ನೋಡುವಂತೆ ಲ್ಯಾಪ್‌ಟಾಪಿಗೆ ಹೇಳಿಟ್ಟಿದ್ದೆ ಎಂದು ಆಮೇಲೆ ತಿಳಿಸಿದ. ಕುಣಿಯುತ್ತಿದ್ದವರಿಗೆ ಇದಾವುದೂ ಗೊತ್ತಿರಲಿಲ್ಲ. ಹೆಂಗಸರು ನೀಲಿ ಸೀರೆಯುಟ್ಟು ಟ್ರ್ಯಾಲಿಯ ಹಿಂದೆ ಸಾಲಾಗಿ ಕುಣಿಯುತ್ತಿದ್ದರು, ಅವನ ತಾಯಿಯೂ ಅವರಲ್ಲಿದ್ದರು.

ಮೊಟ್ಟೆ ಸೂಜಿ ನನ್ನ ಡ್ರಾಯರಿನಲ್ಲಿ ಉಳಿಯಿತು. ಅದನ್ನು ಹಾಡಿನ ತಾಟಿಗಾದರೂ ಬಳಸೋಣ, ಊರಲ್ಲಿ ಯಾರ ಬಳಿಯಾದರೂ ಹಳೆಯ ತಾಟುಗಳಿವೆಯೇ ಎಂದು ಅವನು ಕೇಳಿದ. ನನಗೆ ಉತ್ತರ ಗೊತ್ತಿತ್ತು. ಎರಡು ಸಲ ಮಾತು ಹಾರಿಸಿದೆ. ಮೂರನೆಯ ಸಲ ಕಾಕಾನ ಹೆಸರು ಹೇಳಿದೆ.

ನಾವಿಬ್ಬರೂ ಅವರ ಮನೆಗೆ ಹೋದಾಗ ಕಾಕಾ ಸಂತೋಷದಿಂದ ತಾಟುಗಳ ತಗಡಿನ ಪೆಟ್ಟಿಗೆಯನ್ನು ಪಡಸಾಲೆಗೆ ಎಳೆದು ತಂದರು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಟರ್ನ್‌ಟೇಬಲ್ಲನ್ನು ಕಟ್ಟೆಯ ಮೇಲಿಟ್ಟು, ಮೊದಲು ದುಂಡು ಸೂಜಿಯಲ್ಲಿಯೇ ಒಂದೊಂದು ತಾಟು ಹಾಕಿ ಕೇಳಿದೆವು. ಕಾಕು ಒಳಬಾಗಿಲ ಬಳಿ ಕೂತು ಹೆಸರುಬೇಳೆ ಆರಿಸುತ್ತಿದ್ದರು. ಸಣ್ಣ ತಾಟು ಹೊರಬಂದಾಗ ಅವರು ಮೊರದಿಂದ ಕಣ್ಣೆತ್ತಲಿಲ್ಲ. ಹಾಕಿದರೆ ಅದೇ ಸುಸ್ ಎಂಬ ದನಿ, ಅದರಡಿಯಲ್ಲಿ ಎಲ್ಲೋ ಇಬ್ಬರು ಹಾಡುತ್ತಿರುವ ಗುರುತು.

ಅವನು ಸೂಜಿಯನ್ನೆತ್ತಿ, ತಾಟನ್ನು ಬೆಳಕಿಗೆ ಓರೆಯಾಗಿ ಹಿಡಿದ.

"ಯಾರೋ ಸವದ ಸೂಜಿ ಹಚ್ಚಿ ಬಾರಿಸ್ಯಾರ್ರಿ ಇದನ್ನ," ಎಂದ. "ತಾಟಿನ ತಪ್ಪಲ್ಲ ಇದು."

ಕಾಕಾ ಇಲ್ಲ ಎಂದರು. ಪ್ರತಿ ಸೀಜನ್ನಿಗೂ ಸೂಜಿ ತೋರಿಸಿಯೇ ಹಚ್ಚುತ್ತಿದ್ದೆ, ಇವರ ಅಪ್ಪನ ಅಂಗಡಿಯಲ್ಲೇ, ಎಂದು ನನ್ನ ಕಡೆ ಕೈ ತೋರಿದರು. ಆ ಕೈಯಲ್ಲಿ ಸಂಶಯ ಇರಲಿಲ್ಲ. ತಮ್ಮ ಮಾತಿಗೆ ನನ್ನ ಸಾಕ್ಷಿ ಕೇಳುತ್ತಿದ್ದರು ಅಷ್ಟೇ.

"ಆ ಸೂಜಿ ಪಾಸ್ ಮಾಡಿದಾಕಿ ನಾನ ಕಾಕಾ," ಎಂದೆ. "ಒಂದ ಕಡೆ ನೋಡಿ ಚಲೋ ಐತಿ ಅಂದಿದ್ದೆ. ನೀವು ತಿರುಗಿ ತಂದು ಕೊಟ್ಟಾಗ ಎಲ್ಲಾ ಕಡೆ ನೋಡಿದೆ, ಗೊತ್ತಾತು. ಹೇಳಲಿಲ್ಲ."

ತಾಟಿಲ್ಲದ ಟರ್ನ್‌ಟೇಬಲ್ಲು ಬರಿದೇ ತಿರುಗುತ್ತಿತ್ತು. ಅದನ್ನು ಅವನು ನಿಲ್ಲಿಸಿದ.

"ಹೇಳಿದ್ದರ ಎತ್ತಿ ಇಡತಿದ್ದೆ," ಎಂದರು ಕಾಕಾ. "ಹೆಂಗೂ ಹಳೇದಾಗೈತಿ ಅಂತ ಮತ್ತ ಎರಡು ಸೀಜನ್ ಹಚ್ಚಿದೆ."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಸೂಜಿಯನ್ನು ಸರಿಯಾಗಿ ನೋಡದ್ದನ್ನೇ ತಪ್ಪೆಂದು ಎಣಿಸಿದ್ದೆ. ಹೇಳದೆ ಉಳಿದದ್ದರಿಂದ ಬೇರೆಯಾಗಿ ಒಂದು ಹಾನಿಯಾಗಿದೆ ಎಂದು ಯೋಚಿಸಿರಲಿಲ್ಲ. ಕಾಕಾ ಎದ್ದು ಅಂಗಳಕ್ಕೆ ಹೋಗಿ ನಿಂತರು. ನಾನು ಕೂತಲ್ಲೇ ಕೂತೆ. ಹೋಗಿ ಅವರ ಪಕ್ಕ ನಿಲ್ಲುವುದೂ, ಎದ್ದು ಮನೆಗೆ ನಡೆಯುವುದೂ ಎರಡೂ ಆಗಲಿಲ್ಲ.

ಕಾಕು ಮೊರವನ್ನು ಪಕ್ಕಕ್ಕಿಟ್ಟರು. "ಇನ್ನೊಂದು ಸೂಜಿ ತಂದೀರಲ್ಲ, ಅದನ್ನ ಹಚ್ಚಿ ನೋಡ್ರಿ," ಎಂದರು.

ಸೂಜಿ ಬದಲಿಸಿದವಳು ನಾನೇ. ಭಾರವನ್ನು ಎರಡು ಗ್ರಾಮಿಗಿಂತ ಕೆಳಗಿಳಿಸಿದೆ. ಸವೆದ ಸೂಜಿ ಗೋಡೆಯ ಒಂದು ಎತ್ತರದಲ್ಲಿ ಕೆತ್ತಿಕೊಂಡು ಹೋಗಿರುತ್ತದೆ. ತೆಳು ಅಂಚಿನ ಮೊಟ್ಟೆ ತುದಿ ಅದಕ್ಕಿಂತ ಕೆಳಗೆ, ಯಾವ ಸೂಜಿಯೂ ಮುಟ್ಟದ ಜಾಗದಲ್ಲಿ ಕೂರಬಹುದು ಎಂಬ ಒಂದು ಅಂದಾಜು. ದನಿ ಬಂತು, ಅರ್ಧ. ಗೀರಿನ ಒಂದೊಂದು ಗೋಡೆಯ ದನಿ ಒಂದೊಂದು ತಂತಿಯಲ್ಲಿ ಬರುತ್ತದೆ, ಅವನು ಒಂದೊಂದೇ ತಂತಿ ತೆಗೆದು ಕೇಳಿದ. ಒಂದು ಗೋಡೆ ಪೂರ್ತಿ ಹಾಳಾಗಿತ್ತು, ಇನ್ನೊಂದು ಅಷ್ಟಿರಲಿಲ್ಲ. ಹಾಳಾದ ಗೋಡೆಯ ತಂತಿಯನ್ನು ಬಿಟ್ಟು ಒಂದರಿಂದಲೇ ಕೇಳಿಸಿದಾಗ, ಗರಗರದ ನಡುವೆ ಇಬ್ಬರು ಹುಡುಗಿಯರ ದನಿ ಬೇರೆಬೇರೆಯಾಗಿ, ಮಾತು ತಿಳಿಯುವಂತೆ ಹೊರಬಂತು. ಎರಡು ಕಡೆ ಮಾತ್ರ ಪೂರ್ತಿ ಮುಚ್ಚಿಹೋಗುತ್ತಿತ್ತು.

ಕಾಕಾ ಅಂಗಳದಿಂದ ಒಳಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಕಾಕು ಈ ಸಲ ಹಿತ್ತಲಿಗೆ ಹೋಗಲಿಲ್ಲ. ತಲೆ ಒಂದು ಕಡೆ ವಾಲಿಸಿ ಕೇಳಿದರು.

"ಇಲ್ಲಿ ಆಕಿ ಲಗೂನ ಎತ್ತಿಕೊಂಡಾಳ," ಎಂದರು. "ನಾ ಹಿಂದ ಉಳದೀನಿ. ಅವತ್ತ ಹೇಳಿದ್ದೆ ಆಕಿಗೆ."

ಅವನು ಅದನ್ನು ಮೂರು ಸಲ ಓಡಿಸಿ ಲ್ಯಾಪ್‌ಟಾಪಿಗೆ ತುಂಬಿಕೊಂಡ. ಡಿಜೆಯಲ್ಲಿ ಇದರ ಕೆಳಗೆ ಡೋಲು ಸೇರಿಸಿ ಹಚ್ಚಲೇ ಎಂದು ಕಾಕುವನ್ನು ಕೇಳಿದ. ಅವರು ಬೇಡ ಎಂದರು. ಅವನು ಹಚ್ಚಲಿಲ್ಲ, ಸಿಡಿ ಮಾಡಿ ಮನೆಗೆ ಕೊಟ್ಟ. ಮೂರ್ನಾಲ್ಕು ವರ್ಷ ಅವನ ಡಿಜೆ ಜತ್ತ, ಮುಚ್ಚಂಡಿ, ಗಡಿಯಾಚೆಯ ಚಡಚಣದವರೆಗೂ ಓಡಾಡಿತು. ಆಮೇಲೆ ಸೊಲ್ಲಾಪುರದಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೋದ. ಅಲ್ಲಿಂದಲೂ ಸೂಜಿಗಳನ್ನು ಪೊಟ್ಟಣ ಕಟ್ಟಿ ನನಗೆ ಕಳಿಸುತ್ತಿದ್ದ. ಅವನ ಮಾತು ಕೇಳಿ ಇನ್ನಿಬ್ಬರು ಮೂವರೂ ಕಳಿಸಿದರು. ನಾಲ್ಕೂ ಕಡೆಯ ಸ್ಥಿತಿಯನ್ನು ಚೀಟಿಯಲ್ಲಿ ಬರೆದು ವಾಪಸ್ ಮಾಡುತ್ತಿದ್ದೆ.

ಕಾಕಾ ನನ್ನೊಡನೆ ಮಾತು ಬಿಡಲಿಲ್ಲ. ಆದರೆ ಮೊದಲಿನಂತೆ ಅಂಗಡಿಯ ಮುಂದೆ ಹಾಯುವಾಗಲೆಲ್ಲ ನಿಲ್ಲುವುದು ಕಡಿಮೆಯಾಯಿತು. ಕೆಲಸವಿದ್ದರೆ ಬರುತ್ತಿದ್ದರು, ಮುಗಿದರೆ ಹೋಗುತ್ತಿದ್ದರು. ನಾನು ಅದನ್ನು ಹಾಗೇ ಒಪ್ಪಿಕೊಂಡೆ.

ಬಂದವರು ಕಾಕು. ಅವರ ಮನೆಯಲ್ಲಿ ತಾಟು ಕೇಳಿದ ಹತ್ತು ಹನ್ನೆರಡು ದಿನದ ನಂತರ, ಮನೆಯ ಗೋಡೆ ಗಡಿಯಾರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಅಪ್ಪನ ಕುರ್ಚಿಯಲ್ಲಿ ಕೂತರು. ಸೆಲ್ಲು ಹಾಕಿದರೆ ಮುಗಿಯುವ ಕೆಲಸ. ಅವರು ಅವಸರ ಮಾಡಲಿಲ್ಲ. ಆ ತಾಟಿಗೆ ಹಾಡಲು ಗೆಳತಿಯೊಡನೆ ಮಿರಜಿಗೆ ಹೋದ ದಿನದ ಸುದ್ದಿ ಹೇಳಿದರು. ಬೀಸುವ ಪದವೆಂದ ಮೇಲೆ ಬೀಸುಕಲ್ಲು ಬೇಕಲ್ಲ ಎಂದು ಇಬ್ಬರೂ ಹಟ ಮಾಡಿ, ಕಲ್ಲನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಒಯ್ದಿದ್ದರಂತೆ. ಅಲ್ಲಿ ಒಂದು ಹಿಡಿ ಜೋಳ ಹಾಕಿ ಬೀಸುತ್ತ ಹಾಡಿದರೆ ಯಂತ್ರದಲ್ಲಿ ಕಲ್ಲಿನ ಸಪ್ಪಳವೇ ತುಂಬಿತಂತೆ, ಅಲ್ಲಿನವರು ಕಲ್ಲು ಬೇಡ ಎಂದರಂತೆ. ಬರೀ ನೆಲದ ಮುಂದೆ ಕೂತರೆ ಇಬ್ಬರಿಗೂ ಸಾಲು ನೆನಪಾಗಲಿಲ್ಲ. ಕೊನೆಗೆ ಖಾಲಿ ಗೋಣಿಚೀಲವನ್ನು ನಡುವೆ ಹಾಸಿಕೊಂಡು, ಅದರ ಮೇಲೆ ಇಬ್ಬರೂ ಕೈ ತಿರುಗಿಸುತ್ತ ಹಾಡಿದರು. ಹಿಂದಿರುಗುವಾಗ ಕಲ್ಲನ್ನು ಯಾರು ಹೊರಬೇಕೆಂದು ಬಸ್‌ಸ್ಟ್ಯಾಂಡಿನಲ್ಲಿ ಜಗಳವಾಗಿ, ಜತ್ತದವರೆಗೆ ಮಾತಾಡಲಿಲ್ಲ.

ನಾನು ಗಡಿಯಾರಕ್ಕೆ ಸೆಲ್ಲು ಹಾಕಿ, ಹೊತ್ತು ಸರಿಮಾಡಿ, ಗಾಜನ್ನು ಒರೆಸಿ ಕೊಟ್ಟೆ. ಕಾಕು ಅದನ್ನು ಕಿವಿಯ ಹತ್ತಿರ ಹಿಡಿದು ಕೇಳಿ, ಮತ್ತೆ ಸೆರಗಿನಲ್ಲಿ ಸುತ್ತಿಕೊಂಡರು.